ಹಲವರ ಬುದ್ಧಿ, ಒಂದು ಹೊತ್ತಿಗೆ

ಹೊತ್ತಿಗೆಯೆಂದರೆ ಒಬ್ಬನೇ ಕುಳಿತು ಬರೆಯುವಂಥದು ಎಂದು ನಾನು ಬಹಳ ಕಾಲ ನಂಬಿದ್ದೆನು. ಹೇಮಗುಡ್ಡದ ನಮ್ಮ ಮನೆಯಲ್ಲಿ ಪುಸ್ತಕಗಳೆಂದರೆ ನನ್ನ ಪಠ್ಯಗಳು ಮಾತ್ರ. ತಂದೆತಾಯಿಗಳಿಗೆ ಅಕ್ಷರ ಬಾರದು. ಕಾಲೇಜಿನ ವಾಚನಾಲಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ಕಂಡಾಗ ಆ ನಂಬಿಕೆ ಸಡಿಲಾಯಿತು. ಅದರ ಮೊದಲ ಸಂಪುಟ 1970ರಲ್ಲಿ ಹೊರಬಂದಿತು, ಎಂಟನೆಯದು 1995ರಲ್ಲಿ. ಶಾಸನ ಕಾವ್ಯಗಳನ್ನು ಓದಿ ಒಂದೊಂದು ಪದವನ್ನೂ ಅದರ ಪ್ರಯೋಗವನ್ನೂ ಚೀಟಿಗಳಲ್ಲಿ ಬರೆದುಕೊಟ್ಟವರು ಹಲವರು. ಅವನ್ನು ಒರೆಗೆ ಹಚ್ಚಿ ಜೋಡಿಸಿದವರು ಮತ್ತೆ ಹಲವರು. ಪ್ರೊ. ಜಿ. ವೆಂಕಟಸುಬ್ಬಯ್ಯನವರ ಹೆಸರನ್ನು ನಾವೆಲ್ಲ ಬಲ್ಲೆವು. ಚೀಟಿ ಬರೆದವರ ಹೆಸರು ಕೇಳಿದರೆ ನಾನು ನಿರುತ್ತರನಾಗುವೆನು.

ಕಳೆದ ಬೇಸಿಗೆಯಲ್ಲಿ ನಾನೂ ಇಬ್ಬರು ಗೆಳೆಯರೂ ಒಕ್ಕಲುತನದ ಪದಗಳಿಗಾಗಿ ಒಂದು ನೋಟುಪುಸ್ತಕವನ್ನು ಪ್ರಾರಂಭಿಸಿದೆವು. ಕೂರಿಗೆ, ಕುಂಟೆ, ಮೇಟಿ, ಹಂತಿ ಇವು ಬೇಗನೆ ಮುಗಿದವು. 'ಹಗೇವು' ಎಂಬುದಕ್ಕೆ 'ಕಾಳು ತುಂಬಿಡುವ ನೆಲದೊಳಗಿನ ಗುಂಡಿ' ಎಂದು ಬರೆದು, ಕೊಂಚ ಹೆಮ್ಮೆಯಿಂದಲೇ ತಂದೆಯವರಿಗೆ ಓದಿ ಹೇಳಿದೆನು.

"ಅಷ್ಟ ಬರದ್ರ ಜೀವಾ ಹೋಗ್ತಾವೋ ತಮ್ಮಾ," ಎಂದರು ಅವರು.

ಹಗೇವಿನ ಬಾಯಿ ತೆರೆದೊಡನೆ ಇಳಿಯಬಾರದು, ಗಾಳಿಯಾಡಲು ಬಿಡಬೇಕು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಬೇಕು, ದೀಪ ನಂದಿದರೆ ಮನುಷ್ಯ ಇಳಿಯಕೂಡದು. ಮುಚ್ಚಿಟ್ಟ ಕಾಳು ಒಳಗಿನ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆಂಬುದು ವಿಜ್ಞಾನದ ಮಾತು. ತಂದೆಯವರ ಚಿಕ್ಕಪ್ಪ ಹಾಗೆ ಅವಸರದಿಂದ ಇಳಿದವರು ಮೇಲೆ ಬರಲಿಲ್ಲ. ಸುತ್ತಲೂ ಹುಲ್ಲು ಕಟ್ಟುವ ಬಗೆಯನ್ನು ನೆರೆಮನೆಯ ಅಜ್ಜಿ ಸೇರಿಸಿದಳು. ನನ್ನ ಒಂದು ಸಾಲು ಒಂದು ಪುಟವಾಯಿತು.

ವ್ಯವಹಾರದಲ್ಲಿಯೂ ಈ ಸಂಗತಿ ಕಾಣುವುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನೇ ನೋಡಿರಿ. ಯಾರು ಸಾಲ ತೀರಿಸುವರು, ಯಾರ ಹೊಲ ಎಂಥದು ಎಂಬುದು ಪೇಟೆಯ ಸಾಹುಕಾರನಿಗಿಂತ ಊರವರಿಗೇ ಚೆನ್ನಾಗಿ ಗೊತ್ತು. 1904ರ ಕಾಯಿದೆಯಂತೆ ಗ್ರಾಮದ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಒಬ್ಬನು ತಪ್ಪಿದರೆ ಎಲ್ಲರಿಗೂ ಪೆಟ್ಟು. ಆದ್ದರಿಂದ ತಿಳಿದುದನ್ನು ಬಾಯಿಬಿಟ್ಟು ಹೇಳುವುದು ಪ್ರತಿಯೊಬ್ಬನ ಹಿತವೇ ಆಗಿತ್ತು.

ಹಾಗೆಂದು ಜನ ಕೂಡಿದ ಮಾತ್ರಕ್ಕೆ ಬುದ್ಧಿ ಕೂಡದು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಜನರು ಅಂದಾಜು ಮಾಡಿದರು. ಗಾಲ್ಟನ್ ಎಂಬ ವಿಜ್ಞಾನಿ 787 ಚೀಟಿಗಳನ್ನು ಪರೀಕ್ಷಿಸಿದಾಗ ನಟ್ಟನಡುವಿನ ಅಂದಾಜು 1207 ಪೌಂಡು. ನಿಜವಾದ ತೂಕ 1198. ಪ್ರತಿಯೊಬ್ಬನೂ ತನ್ನ ಚೀಟಿಯನ್ನು ತಾನೇ ಬರೆದಿದ್ದನು. ನಮ್ಮ ಕಟ್ಟೆಯ ಪಂಚಾಯಿತಿಯಲ್ಲಾದರೋ ಹಿರಿಯರೊಬ್ಬರು ಕೆಮ್ಮಿದರೆ ಉಳಿದವರ ಅಂದಾಜು ಅಲ್ಲಿಗೇ ಮುಗಿಯುವುದು!

ನೋಟುಪುಸ್ತಕದ ಮೊದಲ ಪುಟದಲ್ಲಿ ಪದ ಹೇಳಿದವರೆಲ್ಲರ ಹೆಸರನ್ನು ಬರೆಯಲು ನಾವು ನಿಶ್ಚಯಿಸಿದೆವು. ತಂದೆಯವರ ಹೆಸರಿನಿಂದ ತೊಡಗಲು ನಾನು ಲೇಖನಿ ತೆಗೆದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಕಾನ ಹೆಸರು ಮೊದಲ ಬರೀ," ಎಂದರು.