ಟ್ರ್ಯಾಕ್ಟರ್ ಹೀಟ್ ಆಗ್ತದಾ? ಗ್ಯಾರೇಜಿಗೆ ಒಯ್ಯೋ ಮುಂಚೆ ಇಷ್ಟು ನೋಡ್ರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಎರಡು ದಿನ ನಿಂತರೆ ಕಡಿದ ಕಬ್ಬು ಒಣಗಿ ತೂಕ ಇಳೀತದ. ಆ ಅವಸರದಾಗ ‘ಎಂಜಿನ್ ಹೆಡ್ ಇಳಿಸಬೇಕು’ ಅಂದ ಕೂಡಲೇ ದೊಡ್ಡ ಖರ್ಚಿಗೆ ಒಪ್ಪಿಬಿಡ್ತೀವಿ. ಹೀಟ್ ಆದ ಗಾಡಿಗೆಲ್ಲ ಹೆಡ್ ಕೆಲಸ ಬೇಕಾಗಿರುವುದಿಲ್ಲ. ಎಂಜಿನ್ ಬಂದ್ ಮಾಡಿ, ಚಾವಿ ತೆಗೆದು, ನಾನು ನೋಡುವ ಕ್ರಮ ಇದು:

1. ಕೂಲಂಟ್: ಎಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೀರಿ. ಬಿಸಿ ಇದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಕಡಿಮೆ ಇದ್ದರೆ ತುಂಬಿ, ಪೈಪು, ಕ್ಲಿಪ್ಪುಗಳಲ್ಲಿ ಎಲ್ಲಿ ಸೋರುತ್ತಿದೆ ಹುಡುಕ್ರಿ.

2. ರೇಡಿಯೇಟರ್ ಜಾಳಿಗೆ: ರವದಿ, ಧೂಳು ತುಂಬಿದರೆ ಗಾಳಿ ಆಡುವುದಿಲ್ಲ. ಫ್ಯಾನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ಗಾಳಿ ಹೊಡೀರಿ. ಜೋರು ಹೊಡೆದರೆ ತೆಳು ಪಟ್ಟಿಗಳು ಮಡಚಿಕೊಳ್ತಾವ.

3. ಫ್ಯಾನ್ ಬೆಲ್ಟ್: ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಇಂಚಿಗಿಂತ ಬಹಳ ತಗ್ಗಿದರೆ ಬಿಗಿ ಮಾಡ್ರಿ. ಬಿರುಕು ಬಿಟ್ಟಿದ್ದರೆ ಬದಲಿಸ್ರಿ. ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿ ಇರ್ತದ.

4. ಆಯಿಲ್ ಕಡ್ಡಿ: ಆಯಿಲ್ ಹಾಲು ಬೆರೆಸಿದ ಚಹಾದಂಗ ಕಂಡರೆ ಅದರಾಗ ನೀರು ಸೇರಿದೆ. ಗಾಡಿ ಚಾಲೂ ಮಾಡಬ್ಯಾಡ್ರಿ. ಆಗ ಹೆಡ್ ಗ್ಯಾಸ್ಕೆಟ್ ಮಾತು ನಿಜ ಇರಬಹುದು.

ಹೆಡ್, ಡೀಸೆಲ್ ಪಂಪ್, ಬ್ರೇಕ್ ಕೆಲಸ ಮೆಕ್ಯಾನಿಕ್‌ಗೇ ಬಿಡ್ರಿ. ವಾರಂಟಿ ಇನ್ನೂ ಇದ್ದರೆ ಏನನ್ನೂ ಬಿಚ್ಚುವ ಮೊದಲು ಡೀಲರ್‌ಗೆ ಫೋನ್ ಮಾಡ್ರಿ. ಗ್ಯಾರೇಜಿಗೆ ಹೋದಾಗ ಸಾಮಾನು, ಮಜೂರಿ ಬೇರೆ ಬೇರೆ ಬರೆಸಿಕೊಂಡು, ಬದಲಿಸಿದ ಹಳೆ ಸಾಮಾನು ವಾಪಸ್ ಕೇಳ್ರಿ.