ಚೆನ್ನೈ ಬೀದಿಗೋಡೆಗಳ ರಾಜಕೀಯ ಚಿತ್ರಕಲೆ: ಒಂದು ವಿವೇಚನೆ

ಹಸೆ, ಚಿತ್ತಾರ, ರಂಗವಲ್ಲಿಗಳನ್ನು ಕುರಿತು ನಮ್ಮ ಜಾನಪದ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಮನೆಯ ಒಳಗೋಡೆಯನ್ನು ಇಷ್ಟು ಪ್ರೀತಿಯಿಂದ ಓದಿದ ನಾವು ಬೀದಿಗೆ ಮುಖಮಾಡಿದ ಹೊರಗೋಡೆಯನ್ನು ಮಾತ್ರ ಅಷ್ಟಾಗಿ ಗಮನಿಸಿಲ್ಲ. ಚುನಾವಣೆ ಬಂದಾಗ ಸುಣ್ಣ ಬಳಿದು, ಚಿಹ್ನೆ ಬರೆದು, ಹೆಸರು ತುಂಬಿಸಿ, ಮುಂದಿನ ಮಳೆಗೆ ಅಳಿಸಿಹೋಗುವ ಆ ಬರಹವನ್ನು ಕಲೆಯೆಂದು ಕರೆಯಲು ಸಂಕೋಚಪಡುವವರೂ ಉಂಟು. ಭಾರತದಲ್ಲಿ ಈ ಕಲೆಯ ಚರಿತ್ರೆಯನ್ನು ಅರಿಯಬಯಸುವವರು ಮೊದಲು ನೋಡಬೇಕಾದ ನಗರ ಚೆನ್ನೈ. ಕನ್ನಡದ ಸಂಶೋಧಕರಿಗೆ ಅದು ಪರಕೀಯವೂ ಅಲ್ಲ. ೧೯೫೨ರ ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡದ ಮತದಾರರು ತಮ್ಮ ಶಾಸಕರನ್ನು ಕಳುಹಿಸಿದ್ದು ಮದರಾಸಿನ ವಿಧಾನಸಭೆಗೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಮೊದಲಿಗೆ ಪದಗಳ ವಿಚಾರ. ತಮಿಳಿನಲ್ಲಿ ಗೋಡೆಯ ಮೇಲೆ ಬರೆದ ಜಾಹೀರಾತಿಗೆ ‘ಸುವರ್ ವಿಳಂಬರಂ’ ಎಂದೂ ಅಂಟಿಸಿದ ಭಿತ್ತಿಪತ್ರಕ್ಕೆ ‘ಸುವರೊಟ್ಟಿ’ ಎಂದೂ ಹೆಸರು. ‘ವಿಳಂಬರಂ’ ಎಂಬುದನ್ನು ಕನ್ನಡಿಗರು ತಡವೆಂಬ ಅರ್ಥದಲ್ಲಿ ಓದುವ ಅಪಾಯವಿದೆ. ಅದರ ಅರ್ಥ ಪ್ರಚಾರ, ಪ್ರಕಟಣೆ ಎಂದಷ್ಟೆ. ಇವೆರಡರ ಜೊತೆಗೆ ಬಟ್ಟೆಯ ಬ್ಯಾನರು, ಮರದ ಹಲಗೆಯ ಕಟೌಟು ಇವೂ ಸೇರಿದರೆ ನಮ್ಮ ವಿಷಯದ ಎಲ್ಲೆ ಪೂರ್ಣವಾಗುತ್ತದೆ.

ಅಕ್ಷರ ಬಾರದ ಮತದಾರರು ಬಹುಸಂಖ್ಯೆಯಲ್ಲಿದ್ದ ದೇಶದಲ್ಲಿ ಪ್ರತಿ ಪಕ್ಷಕ್ಕೂ ಒಂದು ಚಿತ್ರಚಿಹ್ನೆಯನ್ನು ಕೊಡುವುದು ಮೊದಲ ಚುನಾವಣೆಯಿಂದಲೇ ಅನಿವಾರ್ಯವಾಯಿತು. ಹೀಗಾಗಿ ಗೋಡೆಯ ಚಿತ್ರವು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ, ಮತಪತ್ರದ ಪಾಠವಾಗಿ ಹುಟ್ಟಿತು. ೧೯೪೯ರಲ್ಲಿ ಸ್ಥಾಪನೆಗೊಂಡ ದ್ರಾವಿಡ ಮುನ್ನೇಟ್ರ ಕಳಗವು ೧೯೫೭ರಲ್ಲಿ ಮೊದಲ ಸಲ ಚುನಾವಣೆಗೆ ನಿಂತಿತು. ಅದರ ಚಿಹ್ನೆಯಾದ ಉದಯಸೂರ್ಯನಿಗೆ ಬೇಕಾದುದು ಎರಡು ಬೆಟ್ಟ, ಒಂದು ಅರ್ಧವೃತ್ತ, ಕೆಲವು ಕಿರಣ. ಕೈಯಲ್ಲಿ ಕುಂಚ ಹಿಡಿಯಲು ಬಂದ ಯಾವ ಹುಡುಗನೂ ಕತ್ತಲೆಯಲ್ಲಿಯೂ ಅದನ್ನು ಬರೆಯಬಲ್ಲ. ೧೯೭೨ರಲ್ಲಿ ಎಂ.ಜಿ. ರಾಮಚಂದ್ರನ್ ಕಟ್ಟಿದ ಅಣ್ಣಾ ಡಿ.ಎಂ.ಕೆ.ಗೆ ಮರುವರ್ಷದ ದಿಂಡಿಗಲ್ ಉಪಚುನಾವಣೆಯಲ್ಲಿ ದೊರೆತ ಎರಡೆಲೆಯೂ ಅಷ್ಟೇ ಸರಳ. ಚಿಹ್ನೆ ಕೈತಪ್ಪಿದಾಗ ಪಕ್ಷಕ್ಕಾಗುವ ಕಷ್ಟವನ್ನು ೧೯೮೯ರ ಚುನಾವಣೆ ತೋರಿಸಿತು. ಎಂ.ಜಿ.ಆರ್. ನಿಧನದ ತರುವಾಯ ಪಕ್ಷ ಒಡೆದು ಎರಡೆಲೆ ಸ್ಥಗಿತಗೊಂಡಿತು. ಜಯಲಲಿತಾ ಬಣ ಹುಂಜವನ್ನೂ ಜಾನಕಿ ಬಣ ಜೋಡಿ ಪಾರಿವಾಳವನ್ನೂ ಪಡೆದವು. ಹದಿನಾರು ವರ್ಷ ಎಲೆ ಬರೆದ ಕೈಗಳು ಹಕ್ಕಿಗಳನ್ನು ಕಲಿಯಬೇಕಾಯಿತು. ೨೦೧೭ರಲ್ಲಿ ಚೆನ್ನೈನ ಆರ್.ಕೆ. ನಗರದಲ್ಲಿ ಇದೇ ಪ್ರಸಂಗ ಮರುಕಳಿಸಿತು. ಅಲ್ಲಿ ಕೊನೆಗೆ ಗೆದ್ದುದು ಪ್ರೆಷರ್ ಕುಕ್ಕರ್.

ಚಿಹ್ನೆಗಿಂತ ಹಿಂದೆಯೇ ಅಕ್ಷರದ ಮೇಲಿನ ಹೋರಾಟವಿತ್ತು. ೧೯೫೩ರ ಜುಲೈಯಲ್ಲಿ ಮು. ಕರುಣಾನಿಧಿಯವರು ಸಂಗಡಿಗರೊಡನೆ ದಾಲ್ಮಿಯಾಪುರಂ ರೈಲು ನಿಲ್ದಾಣದ ಹೆಸರಿನ ಫಲಕದ ಮೇಲೆ ‘ಕಲ್ಲಕ್ಕುಡಿ’ ಎಂದು ಬರೆದ ಕಾಗದವನ್ನು ಅಂಟಿಸಿದರು. ನಿಲ್ದಾಣಗಳ ಹಿಂದಿ ಹೆಸರುಗಳಿಗೆ ಡಾಂಬರು ಬಳಿಯುವ ಚಳವಳಿಗಳೂ ಆ ದಶಕದಲ್ಲಿ ನಡೆದವು. ಒಂದು ಫಲಕವನ್ನು ಅಳಿಸಿ ಇನ್ನೊಂದನ್ನು ಬರೆಯುವುದೇ ಒಂದು ರಾಜಕೀಯ ಕಾರ್ಯಕ್ರಮವಾಗಬಹುದೆಂಬ ಅರಿವು ಹೀಗೆ ಬೆಳೆಯಿತು. ೨೦೨೩ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ನಾಮಫಲಕಗಳಿಗೆ ಒದಗಿದ ಗತಿಯನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಿತ್ತಿಪತ್ರವು ಚುನಾವಣೆಯಲ್ಲಿ ಎಷ್ಟು ಕೆಲಸ ಮಾಡಬಲ್ಲದೆಂಬುದಕ್ಕೆ ೧೯೬೭ರ ನಿದರ್ಶನ ಪ್ರಸಿದ್ಧವಾದುದು. ಆ ವರ್ಷ ಜನವರಿ ೧೨ರಂದು ನಟ ಎಂ.ಆರ್. ರಾಧಾ ಅವರು ಎಂ.ಜಿ.ಆರ್. ಮೇಲೆ ಗುಂಡು ಹಾರಿಸಿದರು. ಕೊರಳಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿದ್ದ ಎಂ.ಜಿ.ಆರ್. ಭಾವಚಿತ್ರವು ಭಿತ್ತಿಪತ್ರವಾಗಿ ರಾಜ್ಯದ ಗೋಡೆಗಳನ್ನೆಲ್ಲ ಹಿಡಿಯಿತು. ಅಭ್ಯರ್ಥಿ ಮಾತನಾಡಲಾರ, ಓಡಾಡಲಾರ. ಅವನ ಪರವಾಗಿ ಗೋಡೆ ಮಾತನಾಡಿತು. ಮುಂದಿನ ತಿಂಗಳ ಚುನಾವಣೆಯಲ್ಲಿ ಡಿ.ಎಂ.ಕೆ. ೧೩೭ ಸ್ಥಾನಗಳನ್ನು ಗಳಿಸಿ ಅಧಿಕಾರಕ್ಕೆ ಬಂದಿತು. ಈ ಗೆಲುವನ್ನು ಒಂದು ಚಿತ್ರದ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಅಕ್ಕಿಯ ಅಭಾವ, ೧೯೬೫ರ ಹಿಂದಿ ವಿರೋಧಿ ಚಳವಳಿ, ರೂಪಾಯಿಗೆ ಮೂರು ಪಡಿ ಅಕ್ಕಿಯ ವಾಗ್ದಾನ ಇವೆಲ್ಲ ಕೂಡಿಯೇ ಕಾಂಗ್ರೆಸ್ಸನ್ನು ಸೋಲಿಸಿದವು. ಆದರೂ ಚಿತ್ರಕ್ಕೆ ಕಾಯಿಲೆಯವನನ್ನು ಕಂಡುಬಂದ ಅನುಭವವನ್ನು ಮತದಾರನಿಗೆ ಕೊಡುವ ಶಕ್ತಿಯಿತ್ತೆಂಬುದು ನಿಸ್ಸಂದೇಹ.

ಇನ್ನು ಕಟೌಟು. ಇದು ಚಿತ್ರರಂಗದಿಂದ ರಾಜಕಾರಣಕ್ಕೆ ಬಂದ ಬಳುವಳಿ. ೧೯೫೭ರಲ್ಲಿ ‘ವಣಂಗಾಮುಡಿ’ ಚಿತ್ರಕ್ಕಾಗಿ ಚಿತ್ರಾ ಟಾಕೀಸಿನ ಎದುರು ಶಿವಾಜಿ ಗಣೇಶನ್ನರ ೮೦ ಅಡಿ ಎತ್ತರದ ಆಕೃತಿ ನಿಂತಿತ್ತು. ನಾಯಕನಟರೇ ರಾಜಕೀಯ ನಾಯಕರಾದ ನಾಡಿನಲ್ಲಿ ಅದೇ ಕಾರ್ಯಾಗಾರ, ಅದೇ ಕುಂಚ, ಅದೇ ಕೆನ್ನೆಯ ಗುಲಾಬಿ ಬಣ್ಣ ಪಕ್ಷದ ಕೆಲಸಕ್ಕೂ ಒದಗಿದ್ದು ಸಹಜವೇ. ತಯಾರಿಕೆಯ ಕ್ರಮ ಹೀಗಿತ್ತು: ಚಿಕ್ಕ ಭಾವಚಿತ್ರದ ಮೇಲೆ ಚೌಕಗಳನ್ನು ಗೀಚಿ, ಅಷ್ಟೇ ಚೌಕಗಳನ್ನು ದೊಡ್ಡ ಹಲಗೆಗಳ ಮೇಲೆ ಎಳೆದು, ಚೌಕಕ್ಕೆ ಚೌಕವಾಗಿ ರೇಖೆಗಳನ್ನು ಹಿಗ್ಗಿಸುತ್ತಿದ್ದರು. ಹೊಸದಾಗಿ ಸೇರಿದ ಹುಡುಗ ಕುಂಚ ತೊಳೆಯುತ್ತಿದ್ದ. ಸ್ವಲ್ಪ ಪಳಗಿದವನು ಹಿನ್ನೆಲೆಯ ಬಣ್ಣ ತುಂಬುತ್ತಿದ್ದ. ಆಮೇಲಿನವನಿಗೆ ಉಡುಪು ಮತ್ತು ಕೈಗಳು. ಮುಖ ಮಾತ್ರ ಗುರುವಿನದು. ಕೆಳಗೆ ನಿಂತವನಿಗೆ ಮುಖ ಕುಗ್ಗಿದಂತೆ ಕಾಣಬಾರದೆಂದು ಎತ್ತರದ ಅಳತೆಯನ್ನು ಹೊಂದಿಸಿಕೊಳ್ಳುವ ಜಾಣ್ಮೆಯೂ ಅವರಿಗಿತ್ತು. ಬಿಡಿ ಹಲಗೆಗಳನ್ನು ಬೀದಿಗೆ ತಂದು, ಸರ್ವೆ ಮರದ ಗಳಗಳನ್ನು ಹಗ್ಗದಿಂದ ಬಿಗಿದು ಹಿಂದೆ ಅಟ್ಟ ಕಟ್ಟಿ, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಜೋಡಿಸುತ್ತಿದ್ದರು. ಪಾದ ಮೊದಲು, ಮುಖ ಕೊನೆಗೆ.

೧೯೯೧ರಿಂದ ೧೯೯೬ರವರೆಗಿನ ಜಯಲಲಿತಾ ಆಡಳಿತದಲ್ಲಿ ಅಣ್ಣಾ ಸಾಲೈನ ಉದ್ದಕ್ಕೂ ನಿಂತ ಆಕೃತಿಗಳು ಈ ಕಲೆಯ ಪರಾಕಾಷ್ಠೆ. ಟೀಕೆಗೂ ಅವೇ ಗುರಿಯಾದವು. ಕಟೌಟನ್ನು ದೇವಾಲಯದ ಉತ್ಸವಮೂರ್ತಿಗೆ ಹೋಲಿಸಿ, ತಮಿಳರ ವ್ಯಕ್ತಿಪೂಜೆಯೆಂದು ಹೇಳಿ ಕೈತೊಳೆದುಕೊಳ್ಳುವ ಲೇಖನಗಳಿಗೆ ಕೊರತೆಯಿಲ್ಲ. ನಮಗೆ ಈ ವಿವರಣೆ ಒಪ್ಪಿಗೆಯಾಗುವುದಿಲ್ಲ. ಕಟೌಟನ್ನು ನಿಲ್ಲಿಸುವವನು ಭಕ್ತನಷ್ಟೇ ಅಲ್ಲ, ಪಕ್ಷದ ಸ್ಥಳೀಯ ಕಾರ್ಯಕರ್ತ. ನಾಯಕಿ ಆ ದಾರಿಯಲ್ಲಿ ಹಾದುಹೋಗುವಾಗ ತನ್ನ ವಾರ್ಡು ಕಣ್ಣಿಗೆ ಬೀಳಲಿ ಎಂಬುದು ಅವನ ಉದ್ದೇಶ. ಆಕೃತಿ ಮತದಾರನಿಗೆ ಎಷ್ಟೋ ಪಕ್ಷದ ಮೇಲಿನವರಿಗೂ ಅಷ್ಟೇ ಬರೆದ ಅರ್ಜಿ. ಎಂ.ಎಸ್.ಎಸ್. ಪಾಂಡಿಯನ್ ಅವರು ೧೯೯೨ರ ‘ದಿ ಇಮೇಜ್ ಟ್ರ್ಯಾಪ್’ ಕೃತಿಯಲ್ಲಿ ಎಂ.ಜಿ.ಆರ್. ಬಿಂಬದ ರಾಜಕಾರಣವನ್ನೂ, ಪ್ರೇಮಿಂದಾ ಜೇಕಬ್ ಅವರು ೨೦೦೯ರ ‘ಸೆಲ್ಯುಲಾಯ್ಡ್ ಡೀಟೀಸ್’ನಲ್ಲಿ ಬ್ಯಾನರು ಕಲಾವಿದರ ಲೋಕವನ್ನೂ ವಿವರವಾಗಿ ಶೋಧಿಸಿದ್ದಾರೆ. ಕನ್ನಡದಲ್ಲಿ ಗಾಂಧಿನಗರದ ಕಟೌಟುಗಳನ್ನು ಕುರಿತು ಇಂತಹ ಕೃತಿ ಬರಬೇಕಾಗಿದೆ.

ಕುಂಚವನ್ನು ಕೊಂದುದು ಕಾನೂನಲ್ಲ, ಫ್ಲೆಕ್ಸ್. ಈ ಶತಮಾನದ ಮೊದಲ ದಶಕದಲ್ಲಿ ಬಂದ ಮುದ್ರಣಯಂತ್ರವು ದಿನಗಟ್ಟಲೆಯ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ಅದರಿಂದ ಚಿತ್ರದ ವ್ಯಾಕರಣವೂ ಬದಲಾಯಿತು. ಕೈಬರಹದ ಕಟೌಟಿನಲ್ಲಿ ನಾಯಕನೊಬ್ಬನೇ ಇದ್ದ. ಇನ್ನೊಂದು ಮುಖ ಬರೆಸಲು ಇನ್ನಷ್ಟು ದಿನ, ಇನ್ನಷ್ಟು ಕೂಲಿ ಬೇಕಿತ್ತು. ಫ್ಲೆಕ್ಸಿನಲ್ಲಿ ಮುಖಕ್ಕೆ ಬೆಲೆಯಿಲ್ಲ. ವಾರ್ಡು ಕಾರ್ಯದರ್ಶಿ, ಅವನ ತಮ್ಮ, ಶುಭ ಕೋರುವ ಗೆಳೆಯರು ಎಲ್ಲರೂ ಸಾಲಾಗಿ ನಾಯಕನ ಕಾಲಬುಡದಲ್ಲಿ ಕೈಮುಗಿದು ನಿಂತರು. ಇದನ್ನು ಪ್ರಜಾಪ್ರಭುತ್ವದ ವಿಸ್ತರಣೆಯೆನ್ನಬೇಕೋ ಕಣ್ಣಿನ ಮೇಲಿನ ದೌರ್ಜನ್ಯವೆನ್ನಬೇಕೋ ನಮಗೆ ತಿಳಿಯದು; ಎರಡೂ ನಿಜವಿರಬಹುದು.

ಅಪಾಯವಂತೂ ನಿಜವಾಗಿಯೇ ಇತ್ತು. ೨೦೧೯ರ ಸೆಪ್ಟೆಂಬರ್ ೧೨ರಂದು ಪಳ್ಳಿಕರಣೈ ಬಳಿ ದ್ವಿಚಕ್ರ ವಾಹನದಲ್ಲಿ ಮನೆಗೆ ಮರಳುತ್ತಿದ್ದ ಇಪ್ಪತ್ಮೂರು ವರ್ಷದ ಎಂಜಿನಿಯರ್ ಯುವತಿಯ ಮೇಲೆ ಅನಧಿಕೃತ ಬ್ಯಾನರೊಂದು ಬಿದ್ದಿತು. ಆಕೆ ರಸ್ತೆಗುರುಳಿದಳು; ಹಿಂದಿನಿಂದ ಬಂದ ನೀರಿನ ಟ್ಯಾಂಕರ್ ಹರಿದು ಅಸುನೀಗಿದಳು. ಆ ಬ್ಯಾನರು ಚುನಾವಣೆಯದಲ್ಲ, ಆಡಳಿತ ಪಕ್ಷದ ಪದಾಧಿಕಾರಿಯೊಬ್ಬರ ಮನೆಯ ಮದುವೆಯದು. ಮದ್ರಾಸ್ ಉಚ್ಚ ನ್ಯಾಯಾಲಯ ಸರ್ಕಾರವನ್ನು ತೀವ್ರವಾಗಿ ತರಾಟೆಗೆ ತೆಗೆದುಕೊಂಡಿತು. ಬ್ಯಾನರು ಹಾಕಬಾರದೆಂದು ಪಕ್ಷಗಳು ತಮ್ಮವರಿಗೆ ಸೂಚಿಸಿದವು. ‘ಟ್ರಾಫಿಕ್’ ರಾಮಸ್ವಾಮಿಯವರು (ನಿಧನ ೨೦೨೧) ವರ್ಷಗಟ್ಟಲೆ ಮೊಕದ್ದಮೆ ಹೂಡುತ್ತ, ತಮ್ಮ ಕೈಯಿಂದಲೇ ಬ್ಯಾನರುಗಳನ್ನು ಹರಿಯುತ್ತ ಬಂದಾಗ ಅವರನ್ನು ಹುಚ್ಚರೆಂದವರೂ ಆಗ ಮೌನವಾದರು.

ಬಹಿರಂಗ ಸ್ಥಳಗಳ ವಿಕಾರಗೊಳಿಸುವಿಕೆಯನ್ನು ತಡೆಯುವ ಕಾಯಿದೆ ತಮಿಳುನಾಡಿನಲ್ಲಿ ೧೯೫೯ರಷ್ಟು ಹಿಂದಿನದು. (ಅದೇ ವರ್ಷ ಡಿ.ಎಂ.ಕೆ. ಮದರಾಸು ನಗರಸಭೆಯನ್ನು ಗೆದ್ದದ್ದು ಕಾಕತಾಳೀಯವಿರಬಹುದು.) ಕರ್ನಾಟಕದ ಕಾಯಿದೆ ೧೯೮೧ರದು. ಸ್ಥಳೀಯ ಕಾನೂನು ನಿಷೇಧಿಸಿರುವಲ್ಲಿ ಮನೆಯ ಮಾಲೀಕನ ಒಪ್ಪಿಗೆಯಿದ್ದರೂ ಗೋಡೆಬರಹ ಸಲ್ಲದೆಂಬುದು ಚುನಾವಣಾ ಆಯೋಗದ ನಿಲುವು. ಟಿ.ಎನ್. ಶೇಷನ್ ಅವರ ಕಾಲದಿಂದ ಇಂಥ ನಿರ್ಬಂಧಗಳಿಗೆ ಹಲ್ಲು ಬಂದಿತು. ಗೋಡೆ ಸ್ವಚ್ಛವಾದದ್ದು ಸಂತೋಷದ ಸಂಗತಿಯೆಂದು ನಗರವಾಸಿಗಳು ಭಾವಿಸಿದರೆ ತಪ್ಪೇನಿಲ್ಲ. ಆದರೆ ಯಾರ ಬಾಯಿ ಮುಚ್ಚಿತೆಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ೧೯೯೩ರಲ್ಲಿ ಸನ್ ಟಿ.ವಿ., ೧೯೯೯ರಲ್ಲಿ ಜಯಾ ಟಿ.ವಿ. ಬಂದಮೇಲೆ ಎರಡು ದೊಡ್ಡ ಪಕ್ಷಗಳಿಗೆ ಗೋಡೆ ಕೇವಲ ಒಂದು ಹೆಚ್ಚುವರಿ ಸಾಧನ. ೧೯೯೯ರಲ್ಲಿ ಮೊದಲ ಸಲ ಚುನಾವಣೆಗೆ ಇಳಿದ ತಿರುಮಾವಳವನ್ ಅವರ ವಿಡುದಲೈ ಚಿರುತ್ತೈಗಳಂಥ ದಲಿತ ಪಕ್ಷಕ್ಕೆ ಪತ್ರಿಕೆಯೂ ವಾಹಿನಿಯೂ ಗೋಡೆಯೇ ಆಗಿತ್ತು. ಕೇರಿಯ ಮುಂಗೋಡೆಯ ಮೇಲೆ ಚಿರತೆಯ ಚಿತ್ರ ಮೂಡಿದರೆ ಅದು ಮತಯಾಚನೆಗಿಂತ ದೊಡ್ಡ ಮಾತು: ಈ ಗೋಡೆ ನಮ್ಮದು ಎಂಬ ಘೋಷಣೆ. ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ನಿಷೇಧ ಎಲ್ಲರಿಗೂ ಸಮಾನವಾಗಿ ತಟ್ಟುವುದಿಲ್ಲ.

೨೦೦೯ರಲ್ಲಿ ಚೆನ್ನೈ ನಗರಪಾಲಿಕೆ ಭಿತ್ತಿಪತ್ರಗಳನ್ನು ತಡೆಯಲು ಅಣ್ಣಾ ಸಾಲೈ, ಕಾಮರಾಜರ್ ಸಾಲೈಗಳ ಗೋಡೆಗಳ ಮೇಲೆ ತಮಿಳು ಸಂಸ್ಕೃತಿಯ ದೃಶ್ಯಗಳನ್ನು ಬರೆಸಿತು. ಬೆಂಗಳೂರಿನ ಪಾಲಿಕೆಯೂ ಆ ಹೊತ್ತಿಗೆ ಇದೇ ಉಪಾಯ ಹೂಡಿತು. ಫ್ಲೆಕ್ಸಿನಿಂದ ಕೆಲಸ ಕಳೆದುಕೊಂಡಿದ್ದ ಬ್ಯಾನರು ಕಲಾವಿದರಿಗೆ ಇದರಿಂದ ಕೂಲಿ ದೊರೆಯಿತು. ಚುನಾವಣೆಯ ಗೋಡೆ ಬರೆದ ಕೈಗಳೇ ಚುನಾವಣೆಯನ್ನು ಗೋಡೆಯಿಂದ ಹೊರಗಿಡುವ ಚಿತ್ರಗಳನ್ನು ಬರೆದವು. ೨೦೨೦ರಲ್ಲಿ ಕಣ್ಣಗಿ ನಗರದ ಪುನರ್ವಸತಿ ಕಟ್ಟಡಗಳ ಮೇಲೆ ಮೂಡಿದ ಬೃಹತ್ ಚಿತ್ರಗಳು ಇನ್ನೊಂದು ಜಾತಿಯವು. ಅಲ್ಲಿನ ಮುಖಗಳು ಯಾರ ಮತವನ್ನೂ ಕೇಳುವುದಿಲ್ಲ. ಆದರೆ ನಗರದ ಒಳಗಿನಿಂದ ಎಬ್ಬಿಸಿ ತಂದವರ ವಸತಿಯನ್ನು ಬಣ್ಣದಿಂದ ನೋಡತಕ್ಕ ಸ್ಥಳವಾಗಿ ಮಾಡುವುದು ರಾಜಕೀಯವಲ್ಲವೆಂದು ಹೇಳುವುದು ಕಷ್ಟ.

ಈ ನಡುವೆ ೨೦೧೯ರ ಡಿಸೆಂಬರ್ ೨೯ರಂದು ಬೆಸೆಂಟ್ ನಗರದಲ್ಲಿ ಕೆಲವು ಮಹಿಳೆಯರು ಪೌರತ್ವ ತಿದ್ದುಪಡಿ ಕಾಯಿದೆಯನ್ನು ವಿರೋಧಿಸುವ ಮಾತುಗಳನ್ನು ಕೋಲದಲ್ಲಿ, ಅಂದರೆ ನಮ್ಮ ರಂಗವಲ್ಲಿಯಲ್ಲಿ, ಬರೆದರು. ಪೊಲೀಸರು ಅವರನ್ನು ವಶಕ್ಕೆ ತೆಗೆದುಕೊಂಡು ಆಮೇಲೆ ಬಿಟ್ಟರು. ಮರುದಿನ ಬೆಳಿಗ್ಗೆ ಕರುಣಾನಿಧಿ, ಸ್ಟಾಲಿನ್, ಕನಿಮೊಳಿಯವರ ಮನೆಗಳ ಮುಂದೆ ಅದೇ ಕೋಲ ಮೂಡಿತ್ತು. ಪಕ್ಷವೊಂದು ಅದನ್ನು ತನ್ನ ಪ್ರಚಾರಕ್ಕೆ ಎತ್ತಿಕೊಳ್ಳಲು ಒಂದು ರಾತ್ರಿ ಸಾಕಾಯಿತು. ಅದಕ್ಕೆ ಸುಣ್ಣ ಬಳಿದ ಗೋಡೆ ಬೇಡ, ಮುದ್ರಣಾಲಯ ಬೇಡ, ಮಾಲೀಕನ ಒಪ್ಪಿಗೆ ಬೇಡ. ಹಿಟ್ಟು ಹಿಡಿದ ಬೆರಳು, ಗುಡಿಸಿ ನೀರು ಚಿಮುಕಿಸಿದ ಅಂಗಳ ಇಷ್ಟೇ ಸಾಕು. ಸಂಜೆಯೊಳಗೆ ಓಡಾಡುವವರ ಕಾಲುಗಳು ಅದನ್ನು ಅಳಿಸಿರುತ್ತವೆ. ಮರುದಿನ ನಸುಕಿನಲ್ಲಿ ಮತ್ತೆ ಬರೆಯಬಹುದು.