ಮನೆ ದೊಡ್ಡದಾಯಿತು, ಉಮ್ಮನ ಪಕ್ಕ ಕೂರುವವರು ಯಾರು?

ಸುರತ್ಕಲ್‌ನಿಂದ ಉಳ್ಳಾಲದವರೆಗೆ, ಬಿ.ಸಿ. ರೋಡಿನಿಂದ ಉಪ್ಪಿನಂಗಡಿವರೆಗೆ ನಮ್ಮವರ ಮನೆಗಳನ್ನು ನೋಡುತ್ತಾ ಹೋದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮನೆ ಎರಡು ಅಂತಸ್ತಿನದ್ದು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆ. ಮೇಲಿನ ಕೋಣೆಗಳಿಗೆ ಬೀಗ. ಕೆಳಗಿನ ಒಂದು ಕೋಣೆಯಲ್ಲಿ ವಯಸ್ಸಾದ ಉಮ್ಮ ಮತ್ತು ಬಾಪ. ಒಬ್ಬ ಮಗ ಜುಬೈಲ್‌ನಲ್ಲಿ, ಇನ್ನೊಬ್ಬ ದುಬೈಯಲ್ಲಿ, ಮಗಳು ಗಂಡನ ಮನೆಯಲ್ಲಿ.

ಇದು ಯಾರನ್ನೂ ದೂರುವ ಮಾತಲ್ಲ. ಆ ಮಗ ಅಲ್ಲಿ ದುಡಿಯದಿದ್ದರೆ ಈ ಮನೆಯೂ ಇಲ್ಲ, ತಂಗಿಯ ಮದುವೆಯೂ ಇಲ್ಲ, ಬಾಪನ ಸಕ್ಕರೆ ಕಾಯಿಲೆಯ ಮದ್ದೂ ಇಲ್ಲ. ಹಿರಿಯರೂ ಇದನ್ನು ಒಪ್ಪುತ್ತಾರೆ. ಮಸೀದಿಯ ಜಗಲಿಯಲ್ಲಿ ಕೂತು ಮಾತಾಡುವಾಗ ಅವರಿಂದ ಬರುವ ಮಾತು ಹೆಚ್ಚುಕಮ್ಮಿ ಒಂದೇ: "ಹಣಕ್ಕೆ ತೊಂದರೆ ಇಲ್ಲ ಉಸ್ತಾದರೇ, ರಾತ್ರಿ ಎದ್ದರೆ ಒಂದು ಗ್ಲಾಸ್ ನೀರು ಕೊಡ್ಲಿಕ್ಕೆ ಜನ ಇಲ್ಲ."

ಮೊದಲು ಜನ ಇದ್ದರು. ಒಂದೇ ಸೂರಿನಡಿ ಮೂರು ತಲೆಮಾರು. ಬೀಡಿ ಕಟ್ಟುತ್ತಾ ಕೂತ ಹೆಂಗಸರ ನಡುವೆ ಅಜ್ಜಿಯ ಹಾಸಿಗೆಯೂ ಇರುತ್ತಿತ್ತು. ಹಾಗಂತ ಆ ಕಾಲದಲ್ಲಿ ಎಲ್ಲವೂ ಸರಿ ಇತ್ತು ಅಂತಲೂ ಹೇಳುವಂತಿಲ್ಲ. ಹಾಸಿಗೆ ಹಿಡಿದವರ ಕೆಲಸವೆಲ್ಲ ಒಬ್ಬ ಸೊಸೆಯ ತಲೆ ಮೇಲೆ ಬೀಳುತ್ತಿತ್ತು. ಅವಳ ಬೆನ್ನು ನೋವು, ನಿದ್ದೆ ಯಾರೂ ಕೇಳಿದ್ದಿಲ್ಲ. ಇವತ್ತು ಆ ಸೊಸೆ ಗಂಡನ ಜೊತೆ ಗಲ್ಫ್‌ನಲ್ಲಿ ಇದ್ದಾಳೆ, ಇಲ್ಲವೇ ಮಂಗಳೂರಿನಲ್ಲಿ ಮಕ್ಕಳ ಶಾಲೆಗಾಗಿ ಬಾಡಿಗೆ ಫ್ಲ್ಯಾಟ್‌ನಲ್ಲಿ ಇದ್ದಾಳೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2011ರ ಜನಗಣತಿಯಲ್ಲಿ 60 ದಾಟಿದವರು 10 ಕೋಟಿಗಿಂತ ಹೆಚ್ಚು ಇದ್ದರು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆ ಎಂಬ ಅಂದಾಜಿದೆ. ಆಯುಷ್ಯ ಹೆಚ್ಚಾಗಿದೆ, ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. ಇದ್ದ ಮಕ್ಕಳೂ ದೂರ ಹೋಗಿದ್ದಾರೆ.

ಹೋಮ್ ನರ್ಸ್ ಬಂದ ಮೇಲೆ

ಈಗ ಹೆಚ್ಚಿನ ಮನೆಗಳು ಹಿಡಿದಿರುವ ದಾರಿ ಹೋಮ್ ನರ್ಸ್. ಹೆಸರು ನರ್ಸ್ ಎಂದಿದ್ದರೂ ಬರುವವರಲ್ಲಿ ಬಹಳ ಮಂದಿ ನರ್ಸಿಂಗ್ ಕಲಿತವರಲ್ಲ. ಮನಸ್ಸಿಟ್ಟು ನೋಡಿಕೊಳ್ಳುವವರು ತುಂಬಾ ಜನ ಇದ್ದಾರೆ. ಆದರೆ ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂಬುದನ್ನು ಹೇಳಿಕೊಟ್ಟವರು ಯಾರು? ಸಕ್ಕರೆ ಕಡಿಮೆಯಾದರೆ ಮೈ ಬೆವರುತ್ತದೆ, ಮಾತು ತೊದಲುತ್ತದೆ, ಕೂಡಲೇ ಸಿಹಿ ಕೊಡಬೇಕು ಎಂಬುದು ಗೊತ್ತಿದೆಯಾ? ಏಜೆನ್ಸಿಯಲ್ಲಿ ಇದನ್ನು ಕೇಳಲೇಬೇಕು. ಗುರುತಿನ ಚೀಟಿ, ವಾರದ ರಜೆ, ರಜೆಯ ದಿನ ಬದಲಿಗೆ ಬರುವವರು ಯಾರು, ಸಂಬಳದಲ್ಲಿ ಏಜೆನ್ಸಿಗೆ ಎಷ್ಟು, ಅವರ ಕೈಗೆ ಎಷ್ಟು, ಎಲ್ಲ ಬರವಣಿಗೆಯಲ್ಲಿ ಇರಲಿ. ಆ ಹೆಣ್ಣುಮಗಳೂ ನಿದ್ದೆ ಬೇಕಾದ ಮನುಷ್ಯಳೇ. ಹಗಲು ರಾತ್ರಿ ಒಬ್ಬರ ಮೇಲೇ ಹಾಕಿದರೆ ನಾವು ಮೊದಲು ಸೊಸೆಗೆ ಮಾಡಿದ್ದನ್ನೇ ಇವಳಿಗೂ ಮಾಡಿದ ಹಾಗಾಯಿತು.

ಮನೆಯ ಕಟ್ಟೋಣವನ್ನೂ ಸ್ವಲ್ಪ ನೋಡಿ. ಹೊಳೆಯುವ ಟೈಲ್ಸ್, ಬಾತ್‌ರೂಮಿಗೆ ಇಳಿಯಲು ಒಂದು ಮೆಟ್ಟಿಲು. ಸುಬ್‌ಹಿಗೆ ಎದ್ದು ವುಝೂ ಮಾಡಲು ಹೋದ ಅಜ್ಜ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ನಡೆಯುವುದು ಕಷ್ಟ. ಗೋಡೆಗೆ ಒಂದು ಹಿಡಿಕೆ, ಜಾರದ ಟೈಲ್ಸ್, ಕೂತು ವುಝೂ ಮಾಡುವಷ್ಟು ಎತ್ತರದ ಕಟ್ಟೆ, ರಾತ್ರಿ ಉರಿಯುವ ಸಣ್ಣ ಲೈಟು. ಇಡೀ ಮನೆಯ ಖರ್ಚಿನಲ್ಲಿ ಇದು ಏನೂ ಅಲ್ಲ.

ಹಿರಿಯರ ವಸತಿ ಎಂಬ ಹೊಸ ಪೇಟೆ

ಕೊಯಮತ್ತೂರು, ಪುಣೆ, ಬೆಂಗಳೂರಿನಂಥ ಊರುಗಳಲ್ಲಿ ಹಿರಿಯರಿಗೆಂದೇ ಕಟ್ಟಿದ ವಸತಿ ಸಮುಚ್ಚಯಗಳು ಬಂದಿವೆ. ಸ್ವಂತ ಫ್ಲ್ಯಾಟ್, ಒಂದೇ ಅಡುಗೆಮನೆ, ಕರೆದರೆ ಬರುವ ನರ್ಸ್, ಆಂಬುಲೆನ್ಸ್. ಕೆಲವು ಕಡೆ ಮನೆ ಕೊಳ್ಳಬೇಕು, ಕೆಲವು ಕಡೆ ಠೇವಣಿ ಇಟ್ಟು ತಿಂಗಳಿಗೆ ಇಷ್ಟು ಎಂದು ಕಟ್ಟಬೇಕು. ಇಂಥ ವಸತಿಗಳು ಹೇಗಿರಬೇಕು ಎಂದು ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ತಂದಿತು. ಹಣ ಕೊಡುವ ಮೊದಲು ಕೇಳಬೇಕಾದ್ದು ಮೂರು: ಹಾಸಿಗೆ ಹಿಡಿದ ಮೇಲೂ ಅಲ್ಲೇ ಇಟ್ಟುಕೊಳ್ಳುತ್ತಾರಾ, ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರುತ್ತದೆ, ಬಿಟ್ಟು ಬಂದರೆ ಅಥವಾ ತೀರಿಹೋದರೆ ಠೇವಣಿ ಎಷ್ಟು ದಿನದಲ್ಲಿ ವಾಪಸು.

ಇಷ್ಟು ಹಣ ಎಲ್ಲರ ಹತ್ತಿರ ಇಲ್ಲ. ಇದ್ದವರಿಗೂ ನೂರು ಮೈಲಿ ದೂರ ಹೋಗಿ ಬ್ಯಾರಿ ಭಾಷೆ ಗೊತ್ತಿಲ್ಲದವರ ನಡುವೆ ಇರಲು ಮನಸ್ಸಾಗುವುದಿಲ್ಲ. ಮರೆವಿನ ಕಾಯಿಲೆ ಬಂದ ಎಷ್ಟೋ ಹಿರಿಯರಿಗೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ಉಮ್ಮನ ಬಾಯಿಂದ ಕೇಳಿದ ಮಾತು ಕೊನೆವರೆಗೂ ಉಳಿಯುತ್ತದೆ. ಅದನ್ನು ಅರ್ಥ ಮಾಡಿಕೊಳ್ಳುವವರು ಹತ್ತಿರ ಬೇಕು.

ವೃದ್ಧಾಶ್ರಮ ಎಂದರೆ ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಆದರೆ ಮಕ್ಕಳೇ ಇಲ್ಲದವರು, ಮದುವೆಯಾಗದೆ ಉಳಿದ ಹೆಂಗಸರು, ಗಂಡ ಬಿಟ್ಟು ಹೋದವರು ನಮ್ಮಲ್ಲೂ ಇದ್ದಾರೆ. ಅವರು ಎಲ್ಲಿಗೆ ಹೋಗಬೇಕು? ಮಂಗಳೂರಿನ ಜೆಪ್ಪುವಿನಲ್ಲಿ ಕ್ರೈಸ್ತ ಸಹೋದರರು ಸಂತ ಅಂತೋನಿ ಆಶ್ರಮವನ್ನು 1898ರಲ್ಲೇ ಶುರು ಮಾಡಿದರು. ನಾವು ಮಸೀದಿ, ಮದ್ರಸ, ಶಾಲೆ, ಮದುವೆ ಹಾಲ್ ಎಲ್ಲ ಕಟ್ಟಿದ್ದೇವೆ. ಈ ಕೆಲಸಕ್ಕೆ ನಮ್ಮ ಕೈ ಇನ್ನೂ ಸಾಕಷ್ಟು ಚಾಚಿಲ್ಲ.

ಕಾನೂನಿನಲ್ಲಿ ಏನಿದೆ

ತಂದೆ ತಾಯಿಯ ಮುಂದೆ 'ಛೆ' ಎನ್ನುವಷ್ಟು ಬೇಸರವನ್ನೂ ತೋರಿಸಬಾರದು ಎಂದು ಖುರ್‌ಆನಿನ 17ನೇ ಅಧ್ಯಾಯ ಕಲಿಸುತ್ತದೆ. ಅನುಕೂಲ ಇರುವ ಮಕ್ಕಳು ಬಡ ತಂದೆ ತಾಯಿಗೆ ನಫಖಾ ಕೊಡಬೇಕಾದ್ದು ಕಡ್ಡಾಯ, ಅದು ದಾನ ಅಲ್ಲ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯ. ಹೊರದೇಶದಲ್ಲಿರುವ ಭಾರತೀಯರಿಗೂ ಅನ್ವಯ ಎಂದು ಅದರಲ್ಲೇ ಬರೆದಿದೆ.

ಅರ್ಜಿ ಕೊಡಬೇಕಾದ್ದು ಸಹಾಯಕ ಕಮಿಷನರ್ ಅಧ್ಯಕ್ಷರಾಗಿರುವ ನ್ಯಾಯಮಂಡಳಿಗೆ. ನಮ್ಮ ಜಿಲ್ಲೆಯಲ್ಲಿ ಎ.ಸಿ. ಕಚೇರಿ ಮಂಗಳೂರು ಮತ್ತು ಪುತ್ತೂರಿನಲ್ಲಿದೆ, ಉಡುಪಿ ಜಿಲ್ಲೆಯವರಿಗೆ ಕುಂದಾಪುರದಲ್ಲಿ. ವಕೀಲರನ್ನು ಇಡಬೇಕಾಗಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಕ್ಕಳಿಲ್ಲದವರಾದರೆ, ಅವರ ಆಸ್ತಿ ಅನುಭವಿಸುವ ಅಥವಾ ಮುಂದೆ ಪಡೆಯುವ ಸಂಬಂಧಿಕರ ಮೇಲೆ ಹೊಣೆ ಬೀಳುತ್ತದೆ. ನೋಡಿಕೊಳ್ಳಬೇಕಾದವರು ಹಿರಿಯರನ್ನು ಎಲ್ಲಾದರೂ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಜಾಸ್ತಿ ಗಲಾಟೆ ಆಗುವುದು ಆಸ್ತಿಯಲ್ಲಿ. "ನೋಡಿಕೊಳ್ತಾನೆ" ಎಂಬ ನಂಬಿಕೆಯಲ್ಲಿ ಬಾಪ ಒಬ್ಬ ಮಗನ ಹೆಸರಿಗೆ ಮನೆ ಬರೆದುಕೊಡುತ್ತಾರೆ. ನಂತರ ಮಾತು ಬದಲಾಗುತ್ತದೆ. ಹಿಬಾ ಮಾಡಿ, ಸ್ವಾಧೀನವನ್ನೂ ಬಿಟ್ಟುಕೊಟ್ಟ ಮೇಲೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಕಾಯ್ದೆಯ 23ನೇ ಕಲಂ ಇಲ್ಲಿ ಸಹಾಯಕ್ಕೆ ಬರುತ್ತದೆ: ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ರದ್ದು ಮಾಡಬಹುದು. ಆದರೆ ಷರತ್ತು ಇತ್ತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಇದು ಹಿರಿಯರ ಹಿತಕ್ಕಾಗಿ ಬಂದ ಕಾಯ್ದೆ, ಉದಾರವಾಗಿ ಅರ್ಥ ಮಾಡಬೇಕು ಎಂದು ಹೇಳಿ ಒಬ್ಬ ತಾಯಿಗೆ ಆಸ್ತಿ ವಾಪಸು ಕೊಡಿಸಿತು. ಆದ್ದರಿಂದ ಬರೆದುಕೊಡುವುದೇ ಆದರೆ ಆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಒಳ್ಳೆಯ ಮಗನಿಗೆ ಆ ಸಾಲಿನಿಂದ ಬೇಸರ ಆಗುವುದಿಲ್ಲ. ಉಳಿದ ಮಕ್ಕಳಿಗೂ ವಿಷಯ ತಿಳಿಸಿಯೇ ಮಾಡಿ.

ಎಲ್ಲದಕ್ಕೂ ಎ.ಸಿ. ಕಚೇರಿ ಹತ್ತಬೇಕಾಗಿಲ್ಲ. 14567 ಎಂಬ ಎಲ್ಡರ್ ಲೈನ್‌ಗೆ ಉಚಿತವಾಗಿ ಫೋನ್ ಮಾಡಿ ಸಲಹೆ ಕೇಳಬಹುದು. ಬಡ ಹಿರಿಯರಿಗೆ 65 ವರ್ಷ ದಾಟಿದ್ದರೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ, ಅರ್ಜಿ ನಾಡಕಚೇರಿಯಲ್ಲಿ. ಊರುಗೋಲು, ಗಾಲಿಕುರ್ಚಿ, ಕಿವಿ ಕೇಳುವ ಯಂತ್ರ ಬಡವರಿಗೆ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ.

ಗಡಿಯಾಚೆ ನೋಡಿ ಕಲಿಯುವುದು

ನಮಗೆ ಹೆಚ್ಚು ಒಪ್ಪುವ ಮಾದರಿ ಪಕ್ಕದ ಮಲಬಾರಿನಲ್ಲಿದೆ. ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನ ವೈದ್ಯರು 1993ರಲ್ಲಿ ಪೇಯ್ನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಶುರು ಮಾಡಿದರು. ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವುದು ಉದ್ದೇಶ. ಆಸ್ಪತ್ರೆಗೆ ಬರಲಾಗದವರೇ ಹೆಚ್ಚು ಎಂದು ಗೊತ್ತಾದಾಗ ಕೆಲಸ ಮನೆ ಮನೆಗೆ ಹೋಯಿತು. ಮಲಪ್ಪುರಂ ಜಿಲ್ಲೆಯಲ್ಲಿ ಊರಿನವರೇ ತರಬೇತಿ ಪಡೆದು, ಸಣ್ಣ ಸಣ್ಣ ವಂತಿಗೆ ಕೂಡಿಸಿ ಅದನ್ನು ನಡೆಸಿದರು. ಅಂಗಡಿಯವರು, ವಿದ್ಯಾರ್ಥಿಗಳು, ಮನೆಯ ಹೆಂಗಸರು ಎಲ್ಲ ಅದರಲ್ಲಿ ಸೇರಿದರು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಕೇರ್ ನೀತಿಯನ್ನೇ ತಂದಿತು.

ಅಲ್ಲಿ ನಡೆದದ್ದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ. ಒಬ್ಬ ನರ್ಸ್, ಒಂದು ವಾಹನ, ಒಂದು ರಿಜಿಸ್ಟರ್, ವಾರಕ್ಕೆ ಎರಡು ಗಂಟೆ ಕೊಡುವ ಜನ. ಇದು ನಮ್ಮ ಮೊಹಲ್ಲಾದಲ್ಲೂ ಆಗುತ್ತದೆ. ಜಮಾಅತ್ ಕಮಿಟಿಯ ಹತ್ತಿರ ಮನೆಗಳ ಪಟ್ಟಿ ಈಗಲೇ ಇದೆ. ಅದರಲ್ಲಿ 70 ದಾಟಿದವರು, ಒಂಟಿಯಾಗಿ ಇರುವವರು, ಹಾಸಿಗೆ ಹಿಡಿದವರು ಯಾರು ಎಂದು ಇನ್ನೊಂದು ಅಂಕಣ ಸೇರಿಸಿದರೆ ಸಾಕು, ಮೊದಲ ಹೆಜ್ಜೆ ಆಯಿತು. ಏರ್ ಬೆಡ್, ಗಾಲಿಕುರ್ಚಿ, ಆಕ್ಸಿಜನ್ ಯಂತ್ರ ಬಳಸಿ ವಾಪಸು ಕೊಡುವ ಹಾಗೆ ಮದ್ರಸದ ಒಂದು ಕೋಣೆಯಲ್ಲಿ ಇಡಬಹುದು. ಗಲ್ಫ್‌ನಲ್ಲಿರುವ ನಮ್ಮ ಸಂಘಗಳು ಸಾಮೂಹಿಕ ಮದುವೆಗೆ, ವಿದ್ಯಾರ್ಥಿವೇತನಕ್ಕೆ ಕೊಡುವ ಹಾಗೆ ಒಬ್ಬ ನರ್ಸಿನ ಸಂಬಳವನ್ನು ವಹಿಸಿಕೊಳ್ಳಬಹುದು. ನರ್ಸಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳಿಗೆ ಊರಲ್ಲೇ ಕೆಲಸವೂ ಆಯಿತು.

ಒಂದು ಎಚ್ಚರ. ಸಹಾಯ ಪಡೆದವರ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕುವ ಅಭ್ಯಾಸ ಇಲ್ಲಿ ಬೇಡ. ಬಡವರಾದರೂ ಅವರು ಯಾರದೋ ಉಮ್ಮ, ಯಾರದೋ ಬಾಪ.

ಮುಂದಿನ ಜುಮಾ ಕಳೆದ ಮೇಲೆ ಕಮಿಟಿಯವರ ಹತ್ತಿರ ಈ ಪಟ್ಟಿಯ ವಿಷಯ ಎತ್ತಿ. ಹೊರದೇಶದಲ್ಲಿ ಕೂತು ಓದುವ ಮಕ್ಕಳು ಇವತ್ತು ಮನೆಗೆ ಫೋನ್ ಮಾಡಿದಾಗ "ಹಣ ಬಂತಾ" ಎಂದು ಕೇಳುವ ಮೊದಲು "ರಾತ್ರಿ ಹತ್ತಿರ ಯಾರು ಮಲಗ್ತಾರೆ" ಎಂದು ಕೇಳಿ. ಉತ್ತರ ತಡವಾದರೆ ಅಲ್ಲಿಂದಲೇ ಕೆಲಸ ಶುರು ಮಾಡಬೇಕು.